ಓಡಿಸಿ ನೋಡದ ಬಸ್ಸು

ನನ್ನ ಮೈದುನ ರಜನೀಶನಿಗೆ ಹೊಗಳಲು ಬರುವುದಿಲ್ಲ. ಇದನ್ನು ದೂರು ಅಂತಲೇ ಹೇಳುತ್ತಿದ್ದೇನೆ, ಯಾರೂ ಮೆಚ್ಚುಗೆ ಅಂದುಕೊಳ್ಳಬೇಡಿ. ನಾನು ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಒಂದು ದಿನ ಶಾವಿಗೆ ಪಾಯಸ ಮಾಡಿ ಎಲ್ಲರಿಗೂ ಕೊಟ್ಟು, ಹೇಗಿದೆ ಅಂತ ಕೇಳಿದೆ. ಅತ್ತೆ ಚೆನ್ನಾಗಿದೆ ಅಂದರು. ಯಜಮಾನರು ಚೆನ್ನಾಗಿದೆ ಅಂದರು. ಇವನು ಲೋಟ ಕೆಳಗಿಟ್ಟು, "ಏಲಕ್ಕಿ ಸರಿಯಾಗೈತೆ ಅತ್ತಿಗೆ. ತಳ ಹತ್ತೈತೆ. ದ್ರಾಕ್ಷಿ ಹುರಿದಿಲ್ಲ. ಇನ್ನೊಂದ್ ಲೋಟ ಕೊಡಿ" ಅಂದ. ಮೊದಲ ಮೂರು ಮಾತು ನನಗೆ ಇವತ್ತಿಗೂ ನೆನಪಿದೆ. ನಾಲ್ಕನೆಯದೇ ಅವನ ಹೊಗಳಿಕೆ ಅಂತ ಅರ್ಥವಾಗುವುದಕ್ಕೆ ಬಹಳ ಕಾಲ ಬೇಕಾಯಿತು.

ನಾನು ವಿಮೆ ಏಜೆಂಟ್. ಹಳ್ಳಿಮೈಸೂರಿನ ಪಕ್ಕದ ನಮ್ಮೂರಿನಿಂದ ಹೊಳೆನರಸೀಪುರದವರೆಗೆ ಸ್ಕೂಟರಿನಲ್ಲಿ ಸುತ್ತಿ, ಸಿಕ್ಕ ಜಗಲಿಯ ಮೇಲೆ ಕೂತು, ಕೊಟ್ಟ ಕಾಫಿ ಕುಡಿದು ಪಾಲಿಸಿ ಮಾಡಿಸುವವಳು. ಒಂದು ವಸ್ತುವನ್ನು ಅದರ ಕುಂದು ಹೇಳಿ ಒಪ್ಪಿಸಬಹುದು ಅಂತ ನನಗೆ ಯಾವ ತರಬೇತಿಯಲ್ಲೂ ಕಲಿಸಿಲ್ಲ. ಹಾಗಾಗಿ ಈ ಹುಡುಗನ ಮಾತನ್ನು ನಾಲ್ಕು ಸಾವಿರ ಜನ ಕಣ್ಣು ಮುಚ್ಚಿ ನಂಬುತ್ತಾರೆ ಅಂತ ಗೊತ್ತಾದಾಗ ನನಗೆ ನಗು ಬಂತು. ಸ್ವಲ್ಪ ಹೊಟ್ಟೆಯೂ ಉರಿಯಿತು.

ನಂಬುವುದು ಬಸ್ಸಿನ ವಿಷಯದಲ್ಲಿ. ನಿಜವಾದ ಬಸ್ಸಲ್ಲ, ಮೊಬೈಲಿನಲ್ಲಿ ಓಡಿಸುವ ಬಸ್ಸು. ಅದೊಂದು ಆಟ. ಪರದೆಯ ಮೇಲೆ ಸ್ಟೇರಿಂಗ್, ಗೇರು, ಹಾರ್ನ್ ಎಲ್ಲ ಇರುತ್ತವೆ. ನಿಲ್ದಾಣದಲ್ಲಿ ಜನ ಹತ್ತಿಸಿಕೊಂಡು ಹೊರಡಬೇಕು, ಗುಂಡಿ ತಪ್ಪಿಸಬೇಕು, ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಆಟ ಮಾಡಿದ ಕಂಪನಿ ಕೊಡುವ ಬಸ್ಸುಗಳು ಯಾವುದೋ ದೇಶದವು. ಅವನ್ನು ಓಡಿಸಿದರೆ ನಮ್ಮವರಿಗೆ ಸಮಾಧಾನವಿಲ್ಲ. ಅದಕ್ಕೆ ಆಡುವವರೇ ನಮ್ಮ ಕಡೆಯ ಬಸ್ಸುಗಳನ್ನು ಬಣ್ಣ, ಬೋರ್ಡು, ಪರದೆ ಸಮೇತ ತಯಾರು ಮಾಡಿ ಆಟದೊಳಗೆ ಸೇರಿಸುತ್ತಾರೆ. ಹೀಗೆ ಹೊರಗಿನಿಂದ ಸೇರಿಸುವುದಕ್ಕೆ ಮಾಡ್ ಅನ್ನುತ್ತಾರೆ. ಇಂಟರ್‌ನೆಟ್ಟಿನಲ್ಲಿ ಇಂಥ ಮಾಡ್‌ಗಳು ಸಂತೆಯ ಹಾಗೆ ಬಿದ್ದಿವೆ. ಕೆಲವು ಚಿನ್ನ. ಕೆಲವನ್ನು ಇಳಿಸಿಕೊಂಡರೆ ಬಸ್ಸು ಬರುವುದಿಲ್ಲ, ಸಾಲದ ಜಾಹೀರಾತು ಬರುತ್ತದೆ. ಯಾವುದನ್ನು ಹಾಕಿಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಹೇಳುವ ಪಟ್ಟಿಗಳೂ ಬೇಕಾದಷ್ಟಿವೆ. ಅವುಗಳಲ್ಲಿ ಎಲ್ಲ ಬಸ್ಸೂ ಸೂಪರ್, ಎಲ್ಲ ಬಸ್ಸೂ ನಂಬರ್ ಒನ್.

ರಜನೀಶನ ಪಟ್ಟಿ ಹಾಗಲ್ಲ. ಅದರ ಹೆಸರೇ "ಓಡಿಸಿ ನೋಡಿದ ಬಸ್ಸುಗಳು". ಮೊಬೈಲಿನಲ್ಲಿ ಅವನದೊಂದು ಚಾನೆಲ್ ಇದೆ, ಅದರಲ್ಲಿ ಬರೆಯುತ್ತಾನೆ. ಬರೆಯುವ ರೀತಿ ಥೇಟು ನನ್ನ ಪಾಯಸಕ್ಕೆ ಹೇಳಿದ ಹಾಗೆಯೇ. "ಬಣ್ಣ ಚೆನ್ನ. ಎಡಗಡೆ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ಹಳೇ ಫೋನಿನಲ್ಲಿ ಅರ್ಧ ಗಂಟೆಗೆ ಬಿಸಿಯಾಗುತ್ತದೆ. ಮಳೆಯಲ್ಲಿ ವೈಪರ್ ಗಾಜಿನ ಹೊರಗೆ ಗಾಳಿಯಲ್ಲಿ ಆಡುತ್ತದೆ, ನೋಡಿದರೆ ನಗು ಬರುತ್ತದೆ. ಆದರೂ ಹಾಕಿಕೊಳ್ಳಬಹುದು." ಕೆಳಗೆ ಮಾಡಿದವರ ಹೆಸರು. ಇಳಿಸಿಕೊಳ್ಳುವುದಾದರೆ ಅವರ ಪುಟದಿಂದಲೇ ಇಳಿಸಿಕೊಳ್ಳಿ, ಕದ್ದು ಹಂಚುವವರಿಂದ ಬೇಡ ಅಂತ ಒಂದು ಮಾತು. ತಾನು ಯಾವ ಫೋನಿನಲ್ಲಿ ಓಡಿಸಿದೆ, ಯಾವುದರಲ್ಲಿ ಓಡಿಸಿಲ್ಲ ಅನ್ನುವುದೂ ಇರುತ್ತದೆ. ಕಂಪನಿಯವರು ಆಟವನ್ನು ಹೊಸದು ಮಾಡಿದಾಗಲೆಲ್ಲ ಪಟ್ಟಿಯಲ್ಲಿರುವ ಬಸ್ಸುಗಳನ್ನೆಲ್ಲ ಮತ್ತೆ ಮೊದಲಿನಿಂದ ಓಡಿಸಿ ನೋಡುತ್ತಾನೆ. ಕೆಟ್ಟವನ್ನು ಸದ್ದಿಲ್ಲದೆ ಅಳಿಸುವುದಿಲ್ಲ. "ಈಗ ಓಡುವುದಿಲ್ಲ" ಅಂತ ಕೆಳಗೆ ಇಳಿಸಿ ಕಾರಣ ಬರೆಯುತ್ತಾನೆ. ಅವನೇ ಒಂದು ಬಸ್ಸು ಮಾಡಿದ್ದ. ಅದರ ಮುಂದೆ ಬರೆದದ್ದು: "ಇದು ನಾನು ಮಾಡಿದ್ದು. ಬಲಕ್ಕೆ ಎಳೆಯುತ್ತದೆ. ಬೇಡ."

ಒಂದು ಸಲ ಯಾರೋ ಮಾಡ್ ಮಾಡುವವರು ತಮ್ಮ ಬಸ್ಸನ್ನು ಮೊದಲು ಹಾಕಿದರೆ ಹೊಸ ಫೋನು ಕಳಿಸುತ್ತೇವೆ ಅಂದರು. ಇವನ ಫೋನಿನ ಗಾಜು ಸೀಳಿದೆ, ಹಿಂದಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿದ್ದಾನೆ. ತಗೋಬಾರದೇನೋ ಅಂತ ನಾನೇ ಕೇಳಿದೆ.

"ಹೊಸ ಫೋನಲ್ಲಿ ಎಲ್ಲಾ ಬಸ್ಸೂ ಓಡ್ತವೆ ಅತ್ತಿಗೆ," ಅಂದ. "ಆಮೇಲೆ ಏನಂತ ಬರೀಲಿ?"

ಈ ಬುದ್ಧಿ ಅವನಿಗೆ ಡೈರಿಯಿಂದ ಬಂದದ್ದು ಅಂತ ನನ್ನ ಅನಿಸಿಕೆ. ಅವನು ನಮ್ಮೂರಿನ ಹಾಲಿನ ಡೈರಿಯಲ್ಲಿ ಟೆಸ್ಟರ್. ಬೆಳಿಗ್ಗೆ ಸಂಜೆ ಊರಿನವರೆಲ್ಲ ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಪ್ರತಿಯೊಬ್ಬರ ಹಾಲಿನಲ್ಲೂ ಒಂದಿಷ್ಟು ತೆಗೆದು, ಗಾಜಿನ ಕಡ್ಡಿ ಇಳಿಬಿಟ್ಟು, ನೀರು ಬೆರೆತಿದೆಯೋ ಅಂತ ಡಿಗ್ರಿ ನೋಡುವುದು ಅವನ ಕೆಲಸ. ಡಿಗ್ರಿ ಬಂದರೆ ಹಾಲು ಒಳಗೆ, ಬರದಿದ್ದರೆ ವಾಪಸ್ಸು. ಅಧ್ಯಕ್ಷರ ಹಾಲಾದರೂ ಕಡ್ಡಿ ಇಳಿಯುತ್ತದೆ, ಒಂಟಿ ಎಮ್ಮೆ ಕಟ್ಟಿರುವ ಬೆಟ್ಟಮ್ಮನ ಹಾಲಾದರೂ ಇಳಿಯುತ್ತದೆ. ಒಂದು ದಿನ ನಮ್ಮತ್ತೆ ಕ್ಯಾನು ತೊಳೆದು ನೀರು ಪೂರ್ತಿ ಬಸಿಯದೆ ಹಾಲು ಕರೆದು ತಗೊಂಡು ಹೋದರು. ಡಿಗ್ರಿ ಬರಲಿಲ್ಲ. ಸಾಲಿನಲ್ಲಿ ಎಲ್ಲರ ಎದುರಿಗೇ ಇವನು ಕ್ಯಾನನ್ನು ಪಕ್ಕಕ್ಕಿಟ್ಟ.

"ಎತ್ತವ್ವ ತಂದ ಹಾಲಿಗೂ ಡಿಗ್ರಿ ಆಕ್ತೀಯೇನ್ಲಾ?" ಅಂತ ಅತ್ತೆ ಕೇಳಿದರು.

"ಕಡ್ಡಿಗೆ ಗೊತ್ತಾಗಲ್ಲ ಕಣವ್ವ, ಯಾರ ಹಾಲು ಅಂತ," ಅಂದನಂತೆ.

ಅತ್ತೆ ಆ ಹಾಲನ್ನು ಮನೆಗೆ ತಂದು ಹೆಪ್ಪು ಹಾಕಿದರು. ಒಂದು ವಾರ ಅವನ ಹತ್ತಿರ ಮಾತು ಬಿಟ್ಟಿದ್ದರು, ಊಟ ಮಾತ್ರ ಬಿಡಿಸಿರಲಿಲ್ಲ.

ಇಂಥವನಿಗೆ ಹೆಣ್ಣು ಹುಡುಕುವುದು ಅಂದರೆ ನನಗೆ ಪಾಲಿಸಿ ಮಾರುವುದಕ್ಕಿಂತ ಕಷ್ಟವಾಯಿತು. ಮೂವತ್ತು ದಾಟಿತ್ತು. ಡೈರಿ ಹುಡುಗ ಅಂತ ಕೆಲವರು ಮೂಗು ಮುರಿದರು. ಒಂದು ಮನೆಯಲ್ಲಿ ಹುಡುಗಿಯ ತಾಯಿ ಮನೆ ಹೇಗಿದೆ ಅಂತ ಕೇಳಿದ್ದಕ್ಕೆ ಇವನು ಅಡುಗೆಮನೆ ಸೂರು ಸೋರುತ್ತದೆ ಅಂದುಬಿಟ್ಟ. ಆ ಸಂಬಂಧ ಅಲ್ಲಿಗೇ ನಿಂತಿತು. ನಿಜವಾಗಿ ಸೋರುತ್ತಿತ್ತು, ಆದರೆ ಅದನ್ನು ಹೇಳುವ ಹೊತ್ತೇ ಅದು?

ಕೊನೆಗೆ ಬಾಗೂರಿನ ಪರಮಶಿವಯ್ಯನವರ ಮಗಳು ಮಾನ್ಯಳ ಜಾತಕ ಬಂತು. ಅವಳು ಚನ್ನರಾಯಪಟ್ಟಣದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ನೋಡಲು ಹೋದ ದಿನ ಅವಳೇ ರಜನೀಶನನ್ನು, "ನಿಮ್ಗೆ ಏನಿಷ್ಟ?" ಅಂತ ಕೇಳಿದಳು. ಇವನು ಮೊಬೈಲಿನಲ್ಲಿ ಬಸ್ಸು ಓಡಿಸೋದು ಅಂದ. ಮುಗಿಯಿತು ಈ ಸಂಬಂಧ ಅಂದುಕೊಂಡೆ. ಅವಳು ನಗಲಿಲ್ಲ, ಯಾವ ರೂಟು ಅಂತ ಕೇಳಿದಳು. ಆಮೇಲೆ ಇಬ್ಬರೂ ಅಷ್ಟು ಹೊತ್ತು ಮಾತಾಡಿದ್ದನ್ನು ನೋಡಿ ನಾನು ಉಪ್ಪಿಟ್ಟು ಎರಡನೇ ಸಲ ಹಾಕಿಸಿಕೊಂಡು ತಿಂದೆ.

ಆ ವಾರ ರಜನೀಶನಿಗೆ ಏನಾಗಿತ್ತೋ. ಪಟ್ಟಿಯಲ್ಲಿ ಎಲ್ಲ ಬಸ್ಸಿನ ಹಾರ್ನೂ ಇಂಪಾಗಿದೆ ಅಂತ ಬರೆದ. ಓದುವವರು ಗಾಬರಿಯಾಗಿ, ಅಣ್ಣ ಹುಷಾರಿಲ್ವಾ ಅಂತ ಕೇಳಿದರು. ನನ್ನ ಹತ್ತಿರ ಬಂದು ಹೊಸ್ತಿಲ ಮೇಲೆ ನಿಂತು, "ಅತ್ತಿಗೆ, ಈ ಸಂಬಂಧ ಆಗ್ಲೇಬೇಕು. ಏನಾರ ಮಾಡಿ" ಅಂದ. ಅವನು ಬಾಯಿ ಬಿಟ್ಟು ಏನನ್ನಾದರೂ ಬೇಕು ಅಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಎರಡೂ ಕಡೆ ಒಪ್ಪಿಗೆಯಾಗಿ, ಮುಂದಿನ ತಿಂಗಳು ಎಲೆ ಅಡಿಕೆ ಬದಲಾಯಿಸುವ ವೀಳ್ಯಶಾಸ್ತ್ರ ಅಂತ ಮಾತಾಯಿತು. ಬಾಗೂರಿನವರು ಮನೆ ನೋಡಲು ನಮ್ಮೂರಿಗೆ ಬಂದರು. ಪರಮಶಿವಯ್ಯನವರ ಜೊತೆ ಮಾನ್ಯಳ ಅಣ್ಣ ಕಾಂತರಾಜುವೂ ಬಂದ. ಅವನದು ಚನ್ನರಾಯಪಟ್ಟಣದಲ್ಲಿ ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬ, ಗೃಹಪ್ರವೇಶ, ಚುನಾವಣೆ ಯಾವುದೇ ಇರಲಿ, ಆಳೆತ್ತರದ ಬ್ಯಾನರ್ ಅವನ ಅಂಗಡಿಯಲ್ಲೇ ತಯಾರಾಗುತ್ತದೆ. ಭಾವನಾಗುವವನಿಗೆ ಬಸ್ಸಿನ ಹುಚ್ಚು ಅಂತ ಗೊತ್ತಾದ ಮೇಲೆ ಕಾಂತರಾಜು ಪ್ರೀತಿಯಿಂದ, ಹಟ ಹಿಡಿದು, ತಾನೇ ಒಂದು ಬಸ್ಸು ಮಾಡಿದ್ದ. ಅದನ್ನು ಮೊಬೈಲಿನಲ್ಲಿ ತೋರಿಸಿದ. ನನ್ನ ಕಣ್ಣಿಗೇ ಹಬ್ಬವಾಯಿತು. ಹಸಿರು ಹಳದಿ ಬಣ್ಣ, ಮುಂದೆ ಚನ್ನರಾಯಪಟ್ಟಣ–ಬಾಗೂರು–ಹೊಳೆನರಸೀಪುರ ಅಂತ ಬೋರ್ಡು, ಕಿಟಕಿಗೆ ಪರದೆ, ಗಾಜಿನ ಮೇಲೆ ಸೇವಂತಿಗೆ ಹಾರ.

"ನೆಂಟಸ್ತಿಕೆ ಅಂದ್ಮೇಲೆ ನಮ್ಮುಡ್ಗಂದೂ ಒಂದು ನಿನ್ ಪಟ್ಟಿಗೆ ಸೇರಿಸ್ಕೊಳಪ್ಪ," ಅಂದರು ಪರಮಶಿವಯ್ಯನವರು, ಎಲೆ ಅಡಿಕೆ ಮಡಚುತ್ತ.

ರಜನೀಶ ಬಾಯಿ ತೆರೆದ. ಓಡಿಸಿ ನೋಡಿ ಹಾಕ್ತೀನಿ ಅಂತ ಹೇಳಲು ಹೊರಟಿದ್ದ ಅಂತ ನಮಗೆಲ್ಲ ಗೊತ್ತು. ಅಷ್ಟರಲ್ಲಿ ನಮ್ಮ ಯಜಮಾನರು, "ಅದಕ್ಕೇನಂತೆ, ಇವತ್ತೇ ಹಾಕ್ತನೆ" ಅಂದುಬಿಟ್ಟರು. ರಜನೀಶ ಅಣ್ಣನ ಮುಖ ನೋಡಿದ, ಪರಮಶಿವಯ್ಯನವರ ಮುಖ ನೋಡಿದ. ಆಯ್ತು ಮಾವ ಅಂದ. ಹೆತ್ತ ತಾಯಿಯ ಹಾಲಿಗೆ ಕಡ್ಡಿ ಇಳಿಬಿಟ್ಟವನು ಹೆಣ್ಣು ಕೊಡುವವರ ಬಸ್ಸಿಗೆ ಇಳಿಬಿಡಲಿಲ್ಲ. ಅವತ್ತು ಸಂಜೆಯೇ ಪಟ್ಟಿಯ ಮೊದಲಿಗೆ ಆ ಬಸ್ಸು ಬಂತು. "ಬಹಳ ಚೆನ್ನಾಗಿದೆ. ಹಾಕಿಕೊಳ್ಳಿ." ಅಷ್ಟೇ.

ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ಜಾಗವಿಲ್ಲ ಅಂತ ನಮ್ಮತ್ತೆ ಹೇಳುತ್ತಿರುತ್ತಾರೆ. ನಾಲ್ಕೇ ದಿನದಲ್ಲಿ ಹೆರಿಗೆ ಬೇನೆ ಶುರುವಾಯಿತು.

ಆ ಬಸ್ಸು ಕಾಂತರಾಜುವಿನ ದೊಡ್ಡ ಫೋನಿನಲ್ಲಿ ರಾಣಿಯ ಹಾಗೆ ಓಡುತ್ತಿತ್ತು. ಸಾಮಾನ್ಯ ಫೋನುಗಳಲ್ಲಿ ಜನ ತುಂಬಿದ ತಕ್ಷಣ ಆಟವೇ ಮುಚ್ಚಿಕೊಳ್ಳುತ್ತಿತ್ತು. ಮತ್ತೆ ತೆರೆದರೆ ಅಲ್ಲಿಯವರೆಗೆ ಆಡಿ ಸೇರಿಸಿದ್ದೆಲ್ಲ ಮಾಯ. ಎಷ್ಟೋ ಜನ ಬೈದು ಬರೆದರು. ಬೈಗುಳಕ್ಕೆಲ್ಲ ರಜನೀಶ ಅಷ್ಟು ಹೆದರುವವನಲ್ಲ. ಅವನನ್ನು ಕುಗ್ಗಿಸಿದ್ದು ಅರಕಲಗೂಡಿನ ಬೋರಪ್ಪ ಅನ್ನುವ ಆಟೋ ಡ್ರೈವರ್ ಕಳಿಸಿದ ಧ್ವನಿ ಸಂದೇಶ. ಆ ಮನುಷ್ಯ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಕಾಯುವಾಗ ಆಡುತ್ತ ಆಡುತ್ತ ಒಂದು ಡಿಪೋ ತುಂಬ ಬಸ್ಸು ಸೇರಿಸಿಕೊಂಡಿದ್ದನಂತೆ. ಅಷ್ಟೂ ಹೋಗಿತ್ತು. ಸಿಟ್ಟೇ ಇಲ್ಲದ ದನಿಯಲ್ಲಿ ಹೇಳಿದ್ದ: "ಎಲ್ಲಾ ಓಯ್ತು ಸಾ. ಬ್ಯಾರೆ ಯಾರಾರ ಯೋಳಿದ್ರೆ ಆಕ್ತಿರ್ಲಿಲ್ಲ. ನೀವು ಓಡ್ಸಿ ನೋಡಿರ್ತೀರಲ್ಲ ಅಂತ ಆಕ್ಕೊಂಡೆ."

ರಜನೀಶ ಅದನ್ನು ನನಗೂ ಕೇಳಿಸಿದ. ಆಮೇಲೆ ದನದ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ತನ್ನ ಸೀಳು ಗಾಜಿನ ಫೋನಿನಲ್ಲಿ ಆ ಬಸ್ಸು ಹಾಕಿಕೊಂಡು ಓಡಿಸಿದ. ಬಾಗೂರು ಬರುವ ಮೊದಲೇ ಪರದೆ ಕಪ್ಪಾಯಿತು. ಅವನದೂ ಎಲ್ಲ ಹೋಯಿತು.

"ಮೆಲ್ಲಗೆ ತೆಗೆದುಬಿಡು," ಅಂದೆ ನಾನು. "ಏನೂ ಬರೀಬೇಡ. ವೀಳ್ಯ ಒಂದು ಮುಗೀಲಿ."

"ಮೆಲ್ಲಗೆ ತೆಗೆದ್ರೆ ಬೋರಪ್ಪಂಗೆ ಏನು ಹೇಳ್ದಂಗಾಯ್ತು ಅತ್ತಿಗೆ? ಇನ್ನೂ ಯಾರ್ಯಾರು ಹಾಕ್ಕೊಂಡವ್ರೋ. ಅವರಿಗೆ ಗೊತ್ತಾಗ್ಬೇಕಲ್ಲ."

"ಆ ಹುಡುಗಿ ಬೇಡ್ವೇನೋ ನಿಂಗೆ?"

ಬೇಕಿತ್ತು ಅಂತ ಅವನ ಮುಖ ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ಆದರೂ ಅಲ್ಲೇ ಕೂತು ಬೆರಳಿನಲ್ಲಿ ಒತ್ತೊತ್ತಿ ಏನೋ ಬರೆದ, ಪಟ್ಟಿಗೆ ಹಾಕಿದ, ಸಂಜೆಯ ಹಾಲಿಗೆ ಡೈರಿಗೆ ಹೋದ. ನನಗೆ ಅವನ ಮೇಲೆ ಎಂಥ ಕೋಪ ಬಂದಿತ್ತೆಂದರೆ, ಏನು ಬರೆದ ಅಂತ ತೆಗೆದು ಓದಲೂ ಇಲ್ಲ.

ಮಾರನೆಯ ದಿನ ಬೆಳಿಗ್ಗೆ ಬಾಗೂರಿನಿಂದ ಫೋನು ಬಂತು. ಪರಮಶಿವಯ್ಯನವರೇ ಮಾತಾಡಿದರು. ಕಾಂತರಾಜುವಿನ ಅಂಗಡಿಗೆ ಬಂದ ಯಾರೋ, ನಿಮ್ಮ ಭಾವನೇ ನಿಮ್ಮ ಬಸ್ಸನ್ನು ಕೆಟ್ಟದ್ದು ಅಂತ ಎತ್ತಿ ಹಾಕಿದ್ದಾನೆ ಅಂತ ಹೇಳಿ ನಕ್ಕರಂತೆ. ಮಗ ಅಂಗಡಿ ಬಾಗಿಲು ಎಳೆದು ಮನೆಗೆ ಬಂದು ಮಲಗಿದ್ದಾನಂತೆ. "ವೀಳ್ಯದ ಇಸ್ಯ ಇನ್ನೊಂದ್ಸಲ ಮಾತಾಡವ ತಾಯಿ. ಸದ್ಯಕ್ಕೆ ಬ್ಯಾಡ," ಅಂದು ಫೋನು ಇಟ್ಟರು.

ಯಜಮಾನರು ತಮ್ಮನ ಮೇಲೆ ಹರಿಹಾಯ್ದರು. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನೀನು ಒಂದು ನಿಜ ಹೇಳಿ ಆಗೋ ಮದುವೇನೂ ಕೆಡಿಸ್ಕೊಂಡಲ್ಲೋ." ಇವತ್ತೇ ಹಾಕ್ತನೆ ಅಂತ ಮಾತು ಕೊಟ್ಟವರು ಯಾರು ಅಂತ ನಾನು ಕೇಳಿದ ಮೇಲೆ ಅವರು ತೋಟದ ಕಡೆ ಹೋದರು. ರಜನೀಶ ಮಾತ್ರ ಅಂಗಿ ಬದಲಾಯಿಸಿ ಬಂದು, "ಅತ್ತಿಗೆ, ಬಾಗೂರಿಗೆ ಹೋಗಿ ಬರಾನ. ಕಾಂತರಾಜಣ್ಣನ ಹತ್ರ ಎದುರಿಗೆ ಮಾತಾಡ್ಬೇಕು" ಅಂದ.

ಇಬ್ಬರೂ ಸ್ಕೂಟರಿನಲ್ಲೇ ಹೊರಟೆವು. ಹೊಳೆನರಸೀಪುರ ದಾಟುವವರೆಗೆ ನಾನು ಅವನಿಗೆ ಪಾಠ ಹೇಳಿದೆ. ಯಾರೋ ನನ್ನ ಫೋನಿನಿಂದ ಬರೆದುಬಿಟ್ಟರು ಅನ್ನು. ಇಲ್ಲ, ಬೇರೆ ಬಸ್ಸಿಗೆ ಬರೆದದ್ದು ಇದಕ್ಕೆ ಸೇರಿಕೊಂಡಿತು ಅನ್ನು. ನನ್ನ ಕಸುಬಿನಲ್ಲಿ ಇಂಥ ಮಾತು ಎಷ್ಟು ಬೇಕಾದರೂ ಹುಟ್ಟುತ್ತವೆ. ಅವನು ಹಿಂದೆ ಕೂತು ಹೂಂ ಹೂಂ ಅನ್ನುತ್ತಿದ್ದ. ಅವನು ಹೂಂ ಅಂದರೆ ಕೇಳಿಸಿತು ಅಂತ ಅರ್ಥ, ಒಪ್ಪಿದ ಅಂತಲ್ಲ.

ಬಾಗೂರಿನ ಮನೆಯಲ್ಲಿ ಪರಮಶಿವಯ್ಯನವರು ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು. ಬನ್ನಿ ಅಂದರು, ಅದರಲ್ಲಿ ಬಿಸಿ ಇರಲಿಲ್ಲ. ಕಾಂತರಾಜು ಕೋಣೆಯಿಂದ ಬಂದು ಗೋಡೆಗೆ ಒರಗಿ ನಿಂತ. ಒಳಗಡೆ ಬಾಗಿಲ ಹತ್ತಿರ ಮಾನ್ಯಳ ಸೀರೆಯ ಅಂಚು ಕಾಣುತ್ತಿತ್ತು.

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ತೆಗೆಯುವ ಮೊದಲೇ ರಜನೀಶ, "ಕಾಂತರಾಜಣ್ಣ, ತಪ್ಪಾಯ್ತು" ಅಂದ. "ಓಡ್ಸಿ ನೋಡ್ದೆ ಹಾಕ್ಬಾರ್ದಾಗಿತ್ತು. ನೋಡಿದ್ರೆ ನಿಮಗೇ ಮೊದ್ಲು ಹೇಳಿರ್ತಿದ್ದೆ. ಸರಿಮಾಡ್ಕೊಂಡಿರ್ತಿದ್ರಿ."

ಕಾಂತರಾಜು ಮುಖ ತಿರುಗಿಸಿದ. ಪರಮಶಿವಯ್ಯನವರು ಮಾತಾಡಿದರು. ಕೂಗಲಿಲ್ಲ, ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ನೋಡಪ್ಪ, ಬಸ್ಸು ಆಳಾಗೋಗ್ಲಿ. ನಂಗಿರೋ ಯೋಚ್ನೆ ಬ್ಯಾರೆ. ಮನೆಯವರ ಕುಂದು ಊರಿಗೆಲ್ಲ ಸಾರೋನು ನೀನು. ನಾಳೆ ನನ್ ಮಗಳು ಸಾರಿಗೆ ಉಪ್ಪು ಜಾಸ್ತಿ ಆಕುದ್ರೂ ಇಂಗೇ ಬರೆದು ಆಕ್ತೀಯಾ?"

ಇದು ಸಿಟ್ಟಿನ ಮಾತಲ್ಲ, ಹೆಣ್ಣು ಹೆತ್ತವನ ಭಯ. ರಜನೀಶ ಪ್ರಶ್ನೆಯನ್ನು ನಿಜವಾಗಿಯೂ ಯೋಚಿಸಿದ. ಯೋಚಿಸುವಾಗ ಅವನು ಹೆಬ್ಬೆರಳಿನಿಂದ ಗಲ್ಲ ಉಜ್ಜುತ್ತಾನೆ.

"ಊರಿಗೆ ಬಡ್ಸೋ ಸಾರಾದ್ರೆ ಬರೀತೀನಿ ಮಾವ," ಅಂದ. "ಮನೆ ಸಾರಾದ್ರೆ ಉಂಡ್ಕೋತೀನಿ."

ಒಳಗಿನಿಂದ ಒಂದು ಸಣ್ಣ ನಗು ಕೇಳಿಸಿ ತಕ್ಷಣ ನಿಂತಿತು. ಪರಮಶಿವಯ್ಯನವರು ಮಾತ್ರ ನಗಲಿಲ್ಲ. ಆಗ ಮಾನ್ಯ ಫೋನು ಹಿಡಿದುಕೊಂಡು ಹೊರಗೆ ಬಂದಳು. ಮದುವೆಗೆ ಮೊದಲು ಹೆಣ್ಣು ಹೀಗೆ ಮಾತಿನ ನಡುವೆ ಬರುವುದು ನಮ್ಮಲ್ಲಿ ರೂಢಿಯಲ್ಲ, ಆದರೆ ಟೀಚರ್ ಅಲ್ಲವೇ.

"ಅಪ್ಪಾಜಿ, ಇವ್ರು ಬರೆದಿದ್ದನ್ನ ನೀವು ಓದಿದ್ದೀರಾ?"

"ಓದೋದೇನೈತೆ? ಅಂಗ್ಡೀಲಿ ಯೋಳಿದ್ರಲ್ಲ."

"ಅಣ್ಣ, ನೀನು?"

ಕಾಂತರಾಜು ಮೊದಲ ಸಾಲು ಓದಿ ಮುಚ್ಚಿಟ್ಟೆ ಅಂದ. ನಾನು ನೆಲ ನೋಡಿದೆ. ಅಷ್ಟು ದೊಡ್ಡ ರಾದ್ಧಾಂತ ಮಾಡಿಕೊಂಡಿದ್ದ ನಮ್ಮಲ್ಲಿ ಪೂರ್ತಿ ಓದಿದವಳು ಅವಳೊಬ್ಬಳೇ. ನಾವು ನೋಡಲು ಹೋದ ದಿನದಿಂದ ಆ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದಳಂತೆ. "ಹುಡುಗನ್ನ ವಿಚಾರಿಸೋಕೆ ಅಂತ ಹಳ್ಳಿಮೈಸೂರಿಗೆ ಹೋಗಿ ಬಂದ್ರಿ ಅಪ್ಪಾಜಿ. ಎಲ್ರೂ ಒಳ್ಳೆ ಹುಡುಗ ಅಂದ್ರು ಅಂತ ಬಂದು ಹೇಳಿದ್ರಿ. ನಂಗೆ ಅದರಲ್ಲಿ ಏನೂ ಗೊತ್ತಾಗ್ಲಿಲ್ಲ. ಇದ್ರಲ್ಲಿ ಗೊತ್ತಾಯ್ತು," ಅಂದಳು. ಆಮೇಲೆ ತರಗತಿಯಲ್ಲಿ ಓದುವ ಹಾಗೆ ಸ್ಪಷ್ಟವಾಗಿ, ನಿಧಾನವಾಗಿ ಓದಿದಳು:

"'ಈ ಬಸ್ಸನ್ನು ಈಗ ಹಾಕಿಕೊಳ್ಳಬೇಡಿ. ಮೂರು ಜಿಬಿ, ನಾಲ್ಕು ಜಿಬಿ ಫೋನುಗಳಲ್ಲಿ ಆಟ ಮುಚ್ಚಿಹೋಗಿ ಉಳಿಸಿದ್ದೆಲ್ಲ ಅಳಿಸಿಹೋಗುತ್ತದೆ. ನನ್ನದೂ ಹೋಯಿತು. ಹಾಕಿಕೊಂಡವರು ಜನ ಹತ್ತಿಸುವ ಮೊದಲೇ ತೆಗೆದುಬಿಡಿ. ಬಸ್ಸು ಮಾಡಿದವರದಲ್ಲ ತಪ್ಪು, ನನ್ನದು. ಓಡಿಸಿ ನೋಡಿದ ಬಸ್ಸುಗಳು ಅಂತ ಹೆಸರಿಟ್ಟುಕೊಂಡು ಓಡಿಸಿ ನೋಡದೆ ಹಾಕಿದೆ. ಇದರ ಸೇವಂತಿಗೆ ಹಾರ ಬ್ರೇಕು ಹಾಕಿದಾಗ ಮುಂದಕ್ಕೆ ತೂಗಿ ಹಿಂದಕ್ಕೆ ಬರುತ್ತದೆ. ಇಂಥ ಕೆಲಸವನ್ನು ಬೇರೆ ಯಾವ ಬಸ್ಸಿನಲ್ಲೂ ನಾನು ನೋಡಿಲ್ಲ.'"

"ಆರ ತೂಗೋದು ನೋಡಿದ್ರಾ?" ಅಂದ ಕಾಂತರಾಜು. ಗೋಡೆಯಿಂದ ಬೆನ್ನು ತೆಗೆದಿದ್ದ.

"ಬಾಗೂರು ಬರೋ ತನಕ ಅದನ್ನೇ ನೋಡ್ತಿದ್ದೆ ಅಣ್ಣ. ಒಂದೊಂದು ಹೂವನ್ನೂ ಬೇರೆ ಬೇರೆ ಬರೆದಿದ್ದೀರಲ್ಲ, ಯಾವ ಅಳತೇಲಿ?"

ಕಾಂತರಾಜು ತಲೆ ಕೆರೆದುಕೊಂಡ. "ಅಂಗ್ಡೀಲಿ ಬ್ಯಾನರಿಗೆ ಬರೆಯೋ ಅಳತೇಲೇ ಬರ್ದೆ. ಎಂಟಡಿ ಹತ್ತಡಿ." ಬೆರಳಗಲದ ಬಸ್ಸಿನ ಮೇಲೆ ಆಳೆತ್ತರದ ಹೂಗಳನ್ನು ಹೇರಿಕೊಂಡು ಪಾಪದ ಫೋನು ಎಲ್ಲಿಗೆ ಓಡೀತು? ಅವನಿಗೇ ನಗು ಬಂತು, ತಡೆದುಕೊಂಡ. "ಅದೇ ಬಾರ ಆಗಿರೋದು. ಚಿಕ್ಕದು ಮಾಡ್ಬೋದು ಬಿಡಿ," ಅಂದ.

"ಇನ್ನೂ ಒಂದು ಸಾಲು ಉಳಿದಿದೆ," ಅಂದಳು ಮಾನ್ಯ. ಇಷ್ಟು ಹೊತ್ತು ಸ್ಪಷ್ಟವಾಗಿದ್ದ ದನಿ ಈಗ ಸ್ವಲ್ಪ ತಗ್ಗಿತು.

"'ನೀವು ತಿಳಿದಿರಬೇಕಾದ ಇನ್ನೊಂದು ವಿಷಯ. ಇದನ್ನು ಮಾಡಿದ ಕಾಂತರಾಜು ಅವರು ನನಗೆ ಭಾವ, ನಾನು ಮದುವೆಯಾಗುವ ಹುಡುಗಿಯ ಅಣ್ಣ. ಆ ದಾಕ್ಷಿಣ್ಯಕ್ಕೇ ನೋಡದೆ ಹಾಕಿದ್ದು. ಮುಂದೆ ಅವರ ಬಸ್ಸುಗಳ ಬಗ್ಗೆ ನಾನು ಏನಾದರೂ ಬರೆದರೆ, ನೆಂಟ ಬರೆದದ್ದು ಅಂತ ನೆನಪಿಟ್ಟುಕೊಂಡೇ ಓದಿ.'"

ಮಾನ್ಯ ಫೋನು ಕೆಳಗಿಳಿಸಿದಳು. ಸಂಬಂಧ ಕೈ ತಪ್ಪುತ್ತದೆ ಅಂತ ನಾನು ಹೆದರಿಸಿ ಎದ್ದು ಹೋದ ಮೇಲೆ, ಕೊಟ್ಟಿಗೆಯ ಕಟ್ಟೆಯ ಮೇಲೆ ಒಬ್ಬನೇ ಕೂತು ಇವನು ಬರೆದದ್ದು ಇದು. ನನಗೆ ಕಣ್ಣು ತುಂಬಿಕೊಂಡಿತು, ಮುಚ್ಚಿಡಲೂ ಇಲ್ಲ.

ಪರಮಶಿವಯ್ಯನವರು ಎಲೆ ಅಡಿಕೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದು ಎಲೆ ಎತ್ತಿ ತೊಡೆಗೆ ಒರೆಸಿದರು.

"ಎಷ್ಟು ಜನ ಓದ್ತರೆ ಇದ್ನ?"

"ನಾಕ್ ಸಾವ್ರದ ಮೇಲೆ ಅವ್ರೆ ಮಾವ."

"ನಾಕ್ ಸಾವ್ರ ಜನದ ಮುಂದೆ ನನ್ ಮಗನ್ನ ಬಾವ ಅಂತ ಕರ್ದ್ಬುಟ್ಟಿದ್ದೀಯ. ಇನ್ನೂ ಈಳ್ಯ ಬದಲಾಯಿಸಿಲ್ಲ, ಏನಿಲ್ಲ. ಈಗ ನಾನು ಎಣ್ಣು ಕೊಡಲ್ಲ ಅಂದ್ರೆ ನೀನು ಬರ್ದಿರೋದು ಸುಳ್ಳಾಯ್ತದೆ ಅಲ್ವ?"

ಬೇರೆ ಯಾರಾದರೂ ಆಗಿದ್ದರೆ ಅಷ್ಟು ಹೊತ್ತಿಗೆ ಕಾಲಿಗೆ ಬೀಳುತ್ತಿದ್ದರು. ನಮ್ಮ ರಜನೀಶ ಗಲ್ಲ ಉಜ್ಜಿಕೊಂಡ.

"ಆಯ್ತದೆ ಮಾವ," ಅಂದ. "ಆ ಸಾಲು ತಿದ್ಬೇಕಾಯ್ತದೆ."

ಪರಮಶಿವಯ್ಯನವರು ಒರೆಸಿದ ಎಲೆಗೆ ಅಡಿಕೆ ಇಟ್ಟು, ಅದನ್ನು ತಾವು ಹಾಕಿಕೊಳ್ಳದೆ ಅವನ ಕಡೆ ಚಾಚಿದರು.

"ಒಂದಕ್ಸರಾನೂ ತಿದ್ಬ್ಯಾಡ," ಅಂದರು.